ಟವೆಲ್ಲು ಕೆಂಚಪ್ಪನ ಹದಿನೆಂಟು ಪರ್ಸೆಂಟು

ತರೀಕೆರೆಯ ನಮ್ಮ ಬೀದಿಯಲ್ಲಿ ಸೋಲಾರ್ ಹೀಟರ್ ಕೆಟ್ಟರೆ ಕರೆಯುವುದು ಕೆಂಚಪ್ಪನನ್ನು. ಅವನ ಚೀಲದಲ್ಲಿ ಪಾನಾ, ರಬ್ಬರ್ ವಾಷರ್‌ಗಳ ಜೊತೆ ಒಂದು ಟವೆಲ್ಲು, ಒಂದು ಸೋಪಿನ ಡಬ್ಬಿ ಸದಾ ಇರುತ್ತವೆ. ರಿಪೇರಿ ಮುಗಿದು ನೀರು ಕಾದ ಮೇಲೆ ಅದೇ ಮನೆಯ ಬಚ್ಚಲಲ್ಲಿ ಮೊದಲು ತಾನು ಸ್ನಾನ ಮಾಡುತ್ತಾನೆ. ಆಮೇಲೆಯೇ ದುಡ್ಡು. ಕೈ ಅದ್ದಿ ನೋಡಿದರೆ ಸಾಲದೇನಯ್ಯಾ ಎಂದು ನಾನೊಮ್ಮೆ ಕೇಳಿದ್ದೆ. ಬೆರಳಿಗೆ ಬಿಸಿಯಾದದ್ದು ಬೆನ್ನಿಗೆ ತಣ್ಣಗಿರುತ್ತದೆ ಎಂದ. ನಮ್ಮ ಬಚ್ಚಲಲ್ಲೇ ಮೂರು ಸಲ ಮಿಂದಿದ್ದಾನೆ. ಮೊದಮೊದಲು ಮೂಗು ಮುರಿದ ಜನ ಈಗ ಅವನು ಮೀಯದೆ ಹೋದರೆ ಕೆಲಸ ನಂಬುವುದಿಲ್ಲ.

ಕೆಂಚಪ್ಪನ ಅಪ್ಪ ಹಂಡೆಗಳಿಗೆ ಬೆಸುಗೆ ಹಾಕುತ್ತಿದ್ದವನು. ಹಂಡೆಗಳು ಅಟ್ಟ ಸೇರಿದ ಮೇಲೆ ಮಗ ಟೆರೇಸು ಹತ್ತಿದ. ಹಳೆಯ ಮೊಪೆಡ್ಡಿನಲ್ಲಿ ಓಡಾಡುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದಾನೆ.

ಕಳೆದ ದೀಪಾವಳಿಗೆ ನಾಲ್ಕು ದಿನ ಇದ್ದಾಗ ಪಕ್ಕದ ಮನೆಯ ವಿಶ್ವಾರಾಧ್ಯ ಮೇಷ್ಟ್ರ ಹೀಟರ್ ಸೋರತೊಡಗಿತು. ಮೇಷ್ಟ್ರು ನಿವೃತ್ತ ಲೆಕ್ಕದ ಮೇಷ್ಟ್ರು. ಶೇಕಡಾ ಲೆಕ್ಕ ತಪ್ಪಿದ್ದಕ್ಕೆ ಏಳನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದ್ದವರು, ಹಾಗಾಗಿ ಅವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಆ ವರ್ಷ ಅವರ ಮಗಳು ನಿಶ್ಚಿತಾಳಿಗೆ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಬೀರೂರಿನಿಂದ ಅಳಿಯ ಬರುವವನಿದ್ದ. ಹಬ್ಬದ ಬೆಳಗಿನ ಜಾವ ಅಳಿಯನ ಎಣ್ಣೆಸ್ನಾನಕ್ಕೆ ಸುಡುಸುಡು ನೀರು ಸಿದ್ಧವಿರಬೇಕು, ತಣ್ಣೀರು ಹಾಕಿ ಕಳಿಸಿದರೆ ಬೀಗರ ಮುಂದೆ ತಲೆಯೆತ್ತುವ ಹಾಗಿಲ್ಲ ಎಂದು ಮೇಷ್ಟ್ರ ಹೆಂಡತಿ ಮಲ್ಲಿಕಾಂಬ ಗಂಡನಿಗೆ ಹೇಳಿಟ್ಟಿದ್ದರು.

ರಿಪೇರಿ ಅರ್ಧ ದಿನದ್ದು. ಆದರೆ ಮೇಷ್ಟ್ರು ಪೇಪರ್ ಓದಿಬಿಟ್ಟಿದ್ದರು. ಸೋಲಾರ್ ಹೀಟರಿನ ಮೇಲಿನ ಜಿಎಸ್‌ಟಿ ಹನ್ನೆರಡರಿಂದ ಐದಕ್ಕೆ ಇಳಿದಿದೆ, ರಿಪೇರಿ ಕೂಲಿಯದು ಮಾತ್ರ ಹದಿನೆಂಟೇ ಇದೆ. ಹೊಸದಕ್ಕೆ ಐದು, ಹಳೆಯದನ್ನು ಉಳಿಸಿಕೊಂಡವನಿಗೆ ಹದಿನೆಂಟು, ಇದ್ಯಾವ ನ್ಯಾಯ ಎಂದು ಅವರು ಕೆಂಚಪ್ಪನನ್ನು ಹಿಡಿದುಕೊಂಡರು. ಸರ್ಕಾರವೇ ಎದುರಿಗೆ ಸಿಕ್ಕಂತೆ ವಾದಿಸಿದರು. ಕೆಂಚಪ್ಪ ತಲೆ ಕೆರೆದುಕೊಂಡು, ನಮ್ಮಂಥ ವ್ಯಾಪಾರಸ್ಥರಿಗೆ ತೆರಿಗೆಯ ಕಾಟ ತಪ್ಪಿದ್ದಲ್ಲ ಎಂದು ಗಂಭೀರವಾಗಿ ನಿಟ್ಟುಸಿರು ಬಿಟ್ಟ. ಮರುದಿನ ಮತ್ತೆ ಬಂದ. ಮತ್ತೆ ವಾದ, ಮತ್ತೆ ಕಾಫಿ. ಹೀಗೆ ಮೂರು ದಿನ ಹೋದವು.

ನಾಲ್ಕನೆಯ ದಿನ ನೀರು ತುಂಬುವ ಹಬ್ಬ. ಬೆಳಿಗ್ಗೆ ಮೇಷ್ಟ್ರಿಗೆ ಉಪಾಯ ಹೊಳೆಯಿತು. ಟ್ಯಾಂಕನ್ನು ಬಿಚ್ಚಿ ಕೆಳಗಿಳಿಸಿ, ತೊಳೆದು, ಮತ್ತೆ ಮೇಲೆ ಕೂರಿಸಿದರೆ ಅದು ಹೊಸದಾಗಿ ಕೂರಿಸಿದಂತೆಯೇ ಆಗುತ್ತದೆ, ಆಗ ಐದೇ ಪರ್ಸೆಂಟು! ಇದು ಯಾವ ಕಾಯಿದೆಯಲ್ಲಿದೆಯೋ ಮೇಷ್ಟ್ರೇ ಬಲ್ಲರು. ಕೆಂಚಪ್ಪ ಪಾನಾ ಹಿಡಿದು ಏಣಿ ಹತ್ತಿದ. ಟ್ಯಾಂಕ್ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು, ಸೋರಿಕೆ ಸರಿಹೋಗಿ ಅದು ಮತ್ತೆ ಏರುವಷ್ಟರಲ್ಲಿ ಹೊತ್ತು ಮುಳುಗಿತು. ಮಲ್ಲಿಕಾಂಬ ಟೆರೇಸಿಗೆ ಬಂದು ಟ್ಯಾಂಕಿಗೆ ಸುಣ್ಣದ ಪಟ್ಟೆ ಬಳಿದು, ಹಬ್ಬದಲ್ಲಿ ಹಂಡೆಗೆ ಸುತ್ತುವ ಹಿಂಡ್ಲಿಕಾಯಿ ಬಳ್ಳಿಯನ್ನು ಅದಕ್ಕೇ ಸುತ್ತಿ, ಗಂಗೆ ಪೂಜೆ ಮಾಡಿದರು. ಮಂಗಳಾರತಿ ಎತ್ತುವಾಗ ಅವರಿಗೆ ವಿಷಯ ಹೊಳೆಯಿತು. ಟ್ಯಾಂಕಿನ ತುಂಬ ನೀರಿತ್ತು, ಅದನ್ನು ಕಾಯಿಸುವ ಸೂರ್ಯ ಹೊರಟುಹೋಗಿದ್ದ.

ಅವರು ಗಂಡನನ್ನು ಬೈದದ್ದು ನಮ್ಮ ಅಡುಗೆಮನೆಗೂ ಕೇಳಿತು. ನಾನು ಓಡಿಹೋದೆ, ನಿಜ ಹೇಳಬೇಕೆಂದರೆ ಸಂತೋಷದಿಂದಲೇ. ಅಷ್ಟಕ್ಕೂ ಆ ತೆರಿಗೆ ಎಷ್ಟು ಬರುತ್ತಿತ್ತು ಎಂದು ಮಲ್ಲಿಕಾಂಬ ಕೆಂಚಪ್ಪನನ್ನೇ ಕೇಳಿದರು.

ಕೆಂಚಪ್ಪ ಬೆವರೊರೆಸಿದ ಟವೆಲ್ಲು ಹಿಂಡುತ್ತ ನಿಂತಿದ್ದ. "ತೆರಿಗೇನೇ ಇಲ್ಲ ಕಣಕ್ಕಾ," ಎಂದ. "ವರ್ಷಕ್ಕೆ ಇಪ್ಪತ್ತು ಲಕ್ಷದ ಮೇಲೆ ದುಡಿಯೋರಿಗೆ ಆ ಜಿಎಸ್‌ಟಿ ನಂಬರು. ನಂಗೆಲ್ಲಿ ಬರ್ಬೇಕು?"

ಮೊದಲೇ ಹೇಳೋಕೆ ನಿಂಗೇನಾಗಿತ್ತೋ ಎಂದು ಮೇಷ್ಟ್ರು ಗದರಿದರು.

"ಇಪ್ಪತ್ತೆಂಟು ವರ್ಷದಾಗೆ ಯಾರೂ ನನ್ ಜೊತೆ ತೆರಿಗೆ ಜಗಳ ಆಡಿರ್ಲಿಲ್ಲ ಮೇಷ್ಟ್ರೇ. ನೀವು ನನ್ನ ದೊಡ್ಡ ಅಂಗಡಿಯೋನು ಅನ್ಕೊಂಡು ಮೂರ್ ದಿನ ಮಾತಾಡಿದ್ರಿ. ಚೆನ್ನಾಗಿತ್ತು."

ನಗಬೇಕೆಂದು ಹೋದವನು ನಾನು. ನಗು ಬರಲಿಲ್ಲ.

ಕೆಂಚಪ್ಪನೇ ಅಟ್ಟದಿಂದ ಹಳೆಯ ಹಂಡೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದ. ಅದರ ತಳದ ಬೆಸುಗೆ ತನ್ನಪ್ಪನದೇ ಎಂದು ಬೆರಳಾಡಿಸಿ ಗುರುತು ಹಿಡಿದ. ಹಿತ್ತಲಲ್ಲಿ ಮೂರು ಕಲ್ಲು ಹೂಡಿಟ್ಟು ಹೋದವನು ಬೆಳಗಿನ ಜಾವ ನಾಲ್ಕೂವರೆಗೇ ಬಂದು, ತೆಂಗಿನ ಮಟ್ಟೆ ಉರಿಸಿ, ನೀರು ಮರಳಿಸಿದ. ಅಳಿಯ ಪಂಚೆ ಉಟ್ಟು ಬಂದು ನಿಂತ. ಕೆಂಚಪ್ಪ ಚೀಲದಿಂದ ಟವೆಲ್ಲು ತೆಗೆದವನು ಇವತ್ತಿನ ಮೊದಲ ನೀರು ಯಾರದೆಂದು ನೆನಪಾಗಿ ಮತ್ತೆ ಒಳಗಿಟ್ಟುಕೊಂಡ. ಮಲ್ಲಿಕಾಂಬ ಅದನ್ನು ನೋಡಿದರು. ಅಳಿಯನ ಮಣೆಯ ಪಕ್ಕಕ್ಕೆ ಇನ್ನೊಂದು ಮಣೆ ಹಾಕಿದರು.

"ಕೂತ್ಕೊಳಪ್ಪಾ ಕೆಂಚಪ್ಪ. ನೀನು ಮೀಯದ ನೀರು ನಾವು ಅಳಿಯಂದ್ರಿಗೆ ಹಾಕಲ್ಲ."

ಬೇಡ ಬೇಡ ಎನ್ನುತ್ತಿದ್ದ ಅವನ ನೆತ್ತಿಗೆ ಎಣ್ಣೆ ಬಿದ್ದೇಬಿಟ್ಟಿತು. ಬೀದಿಯ ಅರ್ಧ ಬಚ್ಚಲುಗಳಲ್ಲಿ ಮಿಂದವನ ತಲೆಗೆ ಎಣ್ಣೆ ಒತ್ತುವವರು, ಅವನ ತಾಯಿ ಹೋದ ಮೇಲೆ, ಯಾರೂ ಇರಲಿಲ್ಲ. ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ನಾವೆಲ್ಲ ಎಂದಿನಂತೆ ಅವನ ತೀರ್ಪಿಗೆ ಕಾಯುತ್ತಿದ್ದೆವು. ನೀರು ಸರಿಯಾಗಿ ಕಾದಿದೆಯೇ ಎಂದು ಕೊನೆಗೆ ಅಳಿಯನೇ ಕೇಳಬೇಕಾಯಿತು.

ಕೆಂಚಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನೋಡೋದೇ ಮರ್ತೋಯ್ತು ಸಾ," ಎಂದ.