ಹುಬ್ಬಿನ ದಾರ, ಹಣೆಯ ಬೆವರು

ಹುಬ್ಬು ತಿದ್ದುವ ಕೆಲಸಕ್ಕೆ ಬರೀ ಎರಡು ಕೈ ಸಾಲುವುದಿಲ್ಲ. ದಾರದ ಒಂದು ತುದಿ ಹಲ್ಲಿನ ನಡುವೆ ಇರಬೇಕು, ಉಳಿದದ್ದು ಎರಡೂ ಕೈಬೆರಳುಗಳಲ್ಲಿ. ನಡುವೆ ತಿರುಚಿಕೊಂಡ ದಾರ ಕತ್ತರಿಯ ಹಾಗೆ ತೆರೆದು ಮುಚ್ಚುತ್ತ ಕೂದಲನ್ನು ಬುಡದಿಂದ ಕಿತ್ತುಕೊಂಡು ಹೋಗುತ್ತದೆ. ಕುರ್ಚಿಯಲ್ಲಿ ಒರಗಿದವಳ ಮುಖಕ್ಕೂ ಅವಳ ಮೇಲೆ ಬಾಗಿದವಳ ಮುಖಕ್ಕೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಆ ಹೊತ್ತಿನಲ್ಲಿ ಹಣೆಯ ಮೇಲೆ ಬೆವರು ಮೂಡಿದರೆ ಒರೆಸಿಕೊಳ್ಳಲು ಕೈ ಬಿಡುವಿಲ್ಲ, "ಸ್ವಲ್ಪ ತಾಳ್ರಿ" ಎನ್ನಲು ಬಾಯಿಯೂ ಬಿಡುವಿಲ್ಲ.

ಶಶಿರೇಖಾಳ ಕಷ್ಟವಿದ್ದದ್ದು ಅಲ್ಲಿಯೇ.

ಬಳ್ಳಾರಿಯಲ್ಲಿ ಬೆವರುವುದು ಯಾರಿಗೂ ಸುದ್ದಿಯಲ್ಲ. ಆದರೆ ಊರಿನವರೆಲ್ಲ ಬಿಸಿಲಿಗೆ ಬೆವರಿದರೆ ಶಶಿರೇಖಾ ಸಂಕ್ರಾಂತಿಯ ಚಳಿಯಲ್ಲೂ ಬೆವರುತ್ತಿದ್ದಳು. ಅಂಗೈ ಒಣಗಿರುತ್ತಿತ್ತು, ಬೆನ್ನು ಒಣಗಿರುತ್ತಿತ್ತು. ಹಣೆ, ಮೂಗಿನ ತುದಿ, ಮೇಲ್ತುಟಿ ಮಾತ್ರ ಆಗತಾನೇ ನೀರು ಚಿಮುಕಿಸಿದ ಹಾಗೆ. ಹೈಸ್ಕೂಲಿಗೆ ಹೋಗುವಾಗ ಶುರುವಾದದ್ದು ಮದುವೆಯಾದರೂ ನಿಲ್ಲಲಿಲ್ಲ. "ಯಾಕವಾ ಹಿಂಗ ಬೆವರಾಕತ್ತೀ?" ಎಂದು ಯಾರಾದರೂ ಕೇಳಿದರಂತೂ ಮುಗಿಯಿತು. ಮಾತು ಕಿವಿಗೆ ಬಿದ್ದ ಮರುಗಳಿಗೆಯೇ ಬಿಡಿಬಿಡಿ ಹನಿಗಳೆಲ್ಲ ಕೂಡಿಕೊಂಡು ಕೆನ್ನೆಯ ಮೇಲೆ ಇಳಿಯುತ್ತಿದ್ದವು.

ಕುರುಗೋಡಿನ ತವರಿನಲ್ಲಿ ಅದನ್ನು ಯಾರೂ ರೋಗವೆಂದು ಎಣಿಸಿರಲಿಲ್ಲ. "ಮೂಗು ಬೆವರಿದ್ರ ಗಂಡ ಭಾಳ ಪ್ರೀತಿ ಮಾಡತಾನಂತ" ಎಂದು ಅವ್ವ ಸಮಾಧಾನ ಮಾಡುತ್ತಿದ್ದಳು. ಇದನ್ನು ಕೇಳಿದ ಗಂಡ ಎರ್ರಿಸ್ವಾಮಿ ನಗುತ್ತಿದ್ದ. "ಹಂಗಾರ ನಾ ಇಡೀ ಜಿಲ್ಲಾಕ್ಕ ಸಾಕಾಗೋವಷ್ಟು ಪ್ರೀತಿ ಮಾಡಾಕತ್ತೀನಿ ಬಿಡು!" ಅವನು ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಗಾರ. ಗಾಂಧಿನಗರದ ಹಿಂದಿನ ಒಂದು ಓಣಿಯಲ್ಲಿ ಅವರ ಬಾಡಿಗೆ ಮನೆ. ಅಲ್ಲಿಂದ ಅವಳು ನಡೆದೇ ಪಾರ್ಲರಿಗೆ ಹೋಗುತ್ತಿದ್ದಳು.

ಪಾರ್ಲರ್ ವಿಜಯಲಕ್ಷ್ಮಿಯದು. ಮಾತು ಒರಟು, ಕೈ ಧಾರಾಳ. ಶಶಿರೇಖಾ ಅಲ್ಲಿ ಕಸ ಗುಡಿಸುವುದರಿಂದ ಹಿಡಿದು ಮದುಮಗಳ ಸಿಂಗಾರದವರೆಗೆ ಎಲ್ಲವನ್ನೂ ಕಲಿತಿದ್ದಳು. ಅವಳಿಗೆ ಹಿಡಿಸಿದ್ದು ಮುಖದ ಕೆಲಸ. ಕಣ್ಣು ಮುಚ್ಚಿ ಒರಗಿದ ಹೆಂಗಸಿನ ಮುಖದಷ್ಟು ನಂಬಿಕೆಯ ವಸ್ತು ಲೋಕದಲ್ಲಿ ಇನ್ನೊಂದಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಅಂಗಡಿ ನಡೆಸುವವಳು, ಟೀಚರು, ಅತ್ತೆಯೊಡನೆ ಜಗಳವಾಡಿ ಬಂದವಳು, ಯಾರೇ ಆಗಲಿ, ಕಣ್ಣು ಮುಚ್ಚಿದ ಮೇಲೆ ಹಣೆಯ ಗಂಟು ನಿಧಾನವಾಗಿ ಸಡಿಲವಾಗುತ್ತಿತ್ತು. ಮರದ ನೆರಳು ಅಂಗಳದಲ್ಲಿ ಸರಿಯುವುದನ್ನು ನೋಡುವ ಹಾಗೆ ಅವಳು ಅದನ್ನು ನೋಡುತ್ತಿದ್ದಳು. ಆಮೇಲೆ ದಾರ ಎತ್ತಿಕೊಳ್ಳುತ್ತಿದ್ದಳು.

ಬೆವರಿಗೆ ಅವಳದೇ ಉಪಾಯಗಳಿದ್ದವು. ಹಣೆಗೆ ಪಟ್ಟಿ ಕಟ್ಟಿದಳು. ಅದು ನೆನೆದು ಜಾರಿತು. ಪೌಡರ್ ಬಳಿದಳು, ಅದು ಕರಗಿ ಗೆರೆ ಬಿಟ್ಟಿತು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ತಲೆನೋವು ಬಂತೇ ಹೊರತು ಬೆವರು ನಿಲ್ಲಲಿಲ್ಲ. ಕಡೆಗೆ ಉಳಿದದ್ದು ಒಂದೇ ದಾರಿ: ಹನಿ ಮೂಡುವುದರೊಳಗೆ ಒಂದು ಹುಬ್ಬು ಮುಗಿಸುವುದು. ಹೀಗೆ ಅವಳ ಕೈ ಬಹಳ ಚುರುಕಾಗಿತ್ತು.

ಆದರೂ ಡಿಸೆಂಬರಿನ ಒಂದು ಸಂಜೆ ತಪ್ಪಿತು. ಕುರ್ಚಿಯಲ್ಲಿದ್ದವಳು ಹೊಸ ಗಿರಾಕಿ. ಎಡಹುಬ್ಬಿನ ಕೊನೆಯ ಎಳೆ ಬಾಕಿಯಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಶಶಿರೇಖಾಳ ಮೂಗಿನ ತುದಿಯಿಂದ ಒಂದು ಹನಿ ಕಳಚಿ ನೇರ ಗಿರಾಕಿಯ ತುಟಿಯ ಮೇಲೆ ಬಿತ್ತು. ಅವಳು ತಟ್ಟನೆ ಎದ್ದು ಕೂತಳು. "ಥೂ! ಏನಿದು?" ಎಂದು ತುಟಿ ಉಜ್ಜಿಕೊಂಡು, ಅರ್ಧ ತಿದ್ದಿದ ಹುಬ್ಬಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ವಿಜಯಲಕ್ಷ್ಮಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಶಶಿ, ಇನ್ನ ಮ್ಯಾಲೆ ಮುಖದ ಕೆಲಸ ಮೀನಾ ನೋಡ್ಲಿ. ನೀನು ತಲಿ ತೊಳಿಯೋದು, ಮೆಹಂದಿ, ಕೈಕಾಲು ನೋಡ್ಕೋ."

"ಅಕ್ಕಾ, ಇದೊಂದ್ಸಲ..."

"ಮಂದಿ ಬಾಯಿ ಮುಚ್ಚಾಕ ಆಗತೈತೇನವಾ? ಹೋಗು, ಟೀ ಕುಡಿ ಹೋಗು."

ಅಂದಿನಿಂದ ಶಶಿರೇಖಾಳ ಪಾಲಿಗೆ ಬಂದದ್ದು ಪಾದಗಳು. ಮೊಣಕಾಲೂರಿ ಕೂತು ಹಿಮ್ಮಡಿ ಉಜ್ಜುತ್ತ, ಪಕ್ಕದ ಕುರ್ಚಿಯ ಮೇಲೆ ಜೊತೆಗೆಲಸದ ಮೀನಾ ಬಾಗಿ ನಿಲ್ಲುವುದನ್ನು ಅವಳು ಓರೆಗಣ್ಣಿನಿಂದ ನೋಡುತ್ತಿದ್ದಳು.

ಜನವರಿಯಲ್ಲಿ ಸಿರುಗುಪ್ಪದಿಂದ ಗಂಗೋತ್ರಿ ಫೋನ್ ಮಾಡಿದಳು. ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ ಪ್ರತಿ ತಿಂಗಳೂ ಶಶಿರೇಖಾಳ ಕೈಯಲ್ಲೇ ಹುಬ್ಬು ತಿದ್ದಿಸಿಕೊಂಡ ಹುಡುಗಿ.

"ಅಕ್ಕಾ, ವೈಶಾಖದಾಗ ನನ್ನ ಮದುವಿ. ನೀವ ಬರಬೇಕು. ಬ್ಯಾರೆ ಯಾರ ಕೈಯಾಗೂ ನಾ ಮುಖ ಕೊಡಂಗಿಲ್ಲ."

ವೈಶಾಖ! ಸಿರುಗುಪ್ಪದ ಬಿಸಿಲು! ಸುದ್ದಿ ಕೇಳಿದ ವಿಜಯಲಕ್ಷ್ಮಿ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದಳು. "ಕರದಾರ, ಹೋಗು. ಆದ್ರ ನಾನೂ ಬರತೀನಿ. ಒಂದು ಹನಿ ಬೀಳಾಂಗ ಆತಂದ್ರ ನೀ ಹಿಂದಕ್ಕ ಸರಿ, ಮುಖ ನಾ ಮಾಡತೀನಿ. ಚಲೋ ಆತೋ, ನಿನ್ನ ಕುರ್ಚಿ ನಿನಗ."

ಚರ್ಮದ ಡಾಕ್ಟರ ಹತ್ತಿರ ಶಶಿರೇಖಾ ಹೋದದ್ದು ಈ ಮಾತಿನಿಂದ. ಬೆವರಿಗೂ ಡಾಕ್ಟರ್ ಇರುತ್ತಾರೆ ಎಂಬುದೇ ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಡಾಕ್ಟರ್ ಅಂಜನಾ ಮೊದಲು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು. ಎರಡರಲ್ಲೂ ತೊಂದರೆ ಕಾಣಲಿಲ್ಲ. ಬೇರೆ ಮಾತ್ರೆ ಏನಾದರೂ ನುಂಗುತ್ತೀರಾ ಎಂದು ಕೇಳಿದರು. ಆಮೇಲೆ, "ಮನೆಯಲ್ಲಿ ಯಾರಿಗಾದರೂ ಹೀಗಿತ್ತಾ?" ಎಂದರು.

ಶಶಿರೇಖಾ ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಅಪ್ಪ ಚಂದ್ರಣ್ಣ ಎಂದೂ ಹೆಗಲ ಮೇಲೆ ಟವೆಲ್ ಇಲ್ಲದೆ ಹೊರಗೆ ಹೋದವನಲ್ಲ. ಉಣ್ಣುವಾಗ ಒರೆಸಿಕೊಳ್ಳುತ್ತಿದ್ದ, ಕಟ್ಟೆಯ ಮೇಲೆ ಕೂತು ಮಾತಾಡುವಾಗಲೂ ಒರೆಸಿಕೊಳ್ಳುತ್ತಿದ್ದ. ಹೊಲದ ಮನುಷ್ಯ, ಬೆವರುತ್ತಾನೆ ಎಂದುಕೊಂಡಿದ್ದಳು. ಹೊಲ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಟವೆಲ್ ಅಲ್ಲೇ ಇತ್ತು.

"ನಮ್ಮಪ್ಪಗ ಐತಿ ಮೇಡಂ" ಎಂದಳು.

"ಹಾಗಾದರೆ ಇದು ನಿಮ್ಮ ತಪ್ಪಲ್ಲ, ಕೊಳಕೂ ಅಲ್ಲ. ಬೆವರಿನ ಗ್ರಂಥಿಗೆ ಸುಮ್ಮನಿರು ಅಂತ ಹೇಳುವವರಿಲ್ಲ, ಅಷ್ಟೆ. ಬೆವರು ಬಂತು ಅಂತ ನೀವು ಹೆದರುತ್ತೀರಿ, ಹೆದರಿದ್ದಕ್ಕೆ ಅದು ಇನ್ನಷ್ಟು ಬರುತ್ತದೆ." ಡಾಕ್ಟರ್ ಒಂದು ಲೋಶನ್ ಬರೆದುಕೊಟ್ಟರು. ಮಲಗುವಾಗ ಹಣೆಗೂ ಮೇಲ್ತುಟಿಗೂ ತೆಳುವಾಗಿ ಹಚ್ಚಬೇಕು, ಕಣ್ಣಿನ ಹತ್ತಿರ ಬೇಡ, ಬೆಳಿಗ್ಗೆ ತೊಳೆಯಬೇಕು.

ಶಶಿರೇಖಾ ಹಚ್ಚಿದಳು, ಪಾರ್ಲರಿನವಳು ಹಚ್ಚುವ ಹಾಗೆಯೇ. ಮುಖ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ, ನೀರಿನ ಪಸೆ ಇರುವಾಗಲೇ ಹಚ್ಚಬೇಕು. ಆಗಲೇ ಚರ್ಮ ಎಳೆದುಕೊಳ್ಳುತ್ತದೆ ಎಂದು ಎಷ್ಟು ಹೆಂಗಸರಿಗೆ ಅವಳೇ ಪಾಠ ಹೇಳಿದ್ದಳೋ! ಬೆಳಿಗ್ಗೆ ಹಣೆ ಚುರುಗುಟ್ಟಿತು. ಔಷಧ ಹಿಡಿಯುತ್ತಿದೆ ಎಂದುಕೊಂಡು ಮರುದಿನ ಇನ್ನಷ್ಟು ಚೆನ್ನಾಗಿ ತೊಳೆದು, ಇನ್ನಷ್ಟು ಧಾರಾಳವಾಗಿ ಹಚ್ಚಿದಳು. ಬೆಳಗಾಗುವಷ್ಟರಲ್ಲಿ ಹುಬ್ಬಿನ ಮೇಲೆ ಕೆಂಪು ಪಟ್ಟಿ ಎದ್ದಿತ್ತು.

"ಲೇ, ಮೆಣಸಿನಕಾಯಿ ರಾಶಿಯಾಗ ಮುಖ ಇಟ್ಟು ಮಲಗಿದ್ದೇನು?" ಎಂದ ಎರ್ರಿಸ್ವಾಮಿ.

"ನನ್ನ ಹಣೆಬರಾನ ಇಷ್ಟು ಬಿಡ್ರಿ." ಅವಳು ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳಿದಳು. ಗಂಗೋತ್ರಿಗೆ ಏನು ನೆಪ ಹೇಳುವುದೆಂದು ದಿನವೂ ಮನಸ್ಸಿನಲ್ಲೇ ಕಟ್ಟಿ ದಿನವೂ ಕೆಡವಿದಳು. ಹೀಗೆ ಶಿವರಾತ್ರಿ ಕಳೆಯಿತು.

ಒಂದು ಭಾನುವಾರ ಎರ್ರಿಸ್ವಾಮಿ ಆ ಬಾಟಲಿಯನ್ನು ಹೊರತೆಗೆದು ಅವಳ ಮುಂದೆ ಇಟ್ಟ. "ಉರಿ ಬಂತಂತ ಡಾಕ್ಟ್ರಿಗೆ ಹೇಳಿದ್ಯಾ?"

"ಇಲ್ಲ."

"ನಮ್ಮ ಪ್ಲಾಂಟಿನಾಗ ಮಿಷನ್ ನಿಂತ್ರ ಗುಜರಿಗೆ ಹಾಕತೀವೇನು? ಯಾಕ ನಿಂತು ಅಂತ ನೋಡತೀವಿ. ನಡಿ, ನಾನೂ ಬರತೀನಿ."

ಡಾಕ್ಟರ್ ಅಂಜನಾ ಎಲ್ಲವನ್ನೂ ಕೇಳಿ, "ಹೇಗೆ ಹಚ್ಚಿದಿರಿ, ಇಲ್ಲೇ ಮಾಡಿ ತೋರಿಸಿ" ಎಂದರು. ಶಶಿರೇಖಾ ಮೂಲೆಯ ನಲ್ಲಿಯಲ್ಲಿ ಮುಖ ತೊಳೆದಳು, ಮೆತ್ತಗೆ ಒತ್ತಿಕೊಂಡಳು, ಪಸೆ ಇರುವಂತೆಯೇ ಬಾಟಲಿಗೆ ಕೈ ಚಾಚಿದಳು.

"ನಿಲ್ಲಿ, ನಿಲ್ಲಿ! ಸಿಕ್ಕಿತು." ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಇದು ಕ್ರೀಮ್ ಅಲ್ಲ ಮಾರಾಯ್ತಿ. ಪಸೆ ತಾಗಿದರೆ ಇದು ಚರ್ಮ ಸುಡುತ್ತದೆ. ಚರ್ಮ ಪೂರಾ ಒಣಗಿರಬೇಕು. ತಪ್ಪು ನನ್ನದೂ ಇದೆ, ನಾನು ಬಿಡಿಸಿ ಹೇಳಬೇಕಿತ್ತು."

"ಎಂಟು ವರ್ಷದಿಂದ ಮಂದಿಗೆ ಇದನ್ನ ಹೇಳಾಕತ್ತಾಳ ಮೇಡಂ, ಆಕಿ ಬಿಡತಾಳೇನು!" ಎಂದ ಎರ್ರಿಸ್ವಾಮಿ. ಶಶಿರೇಖಾ ಅವನ ಕಾಲು ತುಳಿದಳು, ತಾನೂ ನಕ್ಕಳು.

ಕೆಂಪು ಇಳಿಯುವವರೆಗೆ ಏನೂ ಹಚ್ಚಬಾರದು ಎಂದಾಯಿತು. ಆಮೇಲೆ ಫ್ಯಾನಿನ ಕೆಳಗೆ ಕೂತು, ಮುಖ ಕಾಗದದಷ್ಟು ಒಣಗಿದ ಮೇಲೆ, ದಿನ ಬಿಟ್ಟು ದಿನ ಒಂದು ತೆಳು ಲೇಪ. ಮದುವೆಯಂಥ ದಿನಕ್ಕೆಂದು ಒಂದು ಸಣ್ಣ ಮಾತ್ರೆಯನ್ನೂ ಕೊಟ್ಟರು. ಅದನ್ನು ಕೊಡುವಾಗ ಡಾಕ್ಟರ ಮುಖ ಗಂಭೀರವಾಯಿತು. "ಇದು ಇಡೀ ಮೈಯ ಬೆವರು ತಡೆಯುತ್ತದೆ. ನಮ್ಮ ಊರಿನ ಬಿಸಿಲಿಗೆ ಮೈ ತಂಪಾಗುವುದೇ ಬೆವರಿನಿಂದ. ಇದನ್ನು ನುಂಗಿ ಬಿಸಿಲಿಗೆ ಹೋಗಬೇಡಿ. ಬಾಯಿಯೂ ಒಣಗುತ್ತದೆ. ಮೊದಲು ರಜೆಯ ದಿನ ಮನೆಯಲ್ಲಿ ನೋಡಿ." ಇದೂ ಸಾಲದಿದ್ದರೆ ಹಣೆಗೆ ಕೊಡುವ ಇಂಜೆಕ್ಷನ್ ಇದೆ, ಅದನ್ನು ಮುಂದೆ ಯೋಚಿಸೋಣ ಎಂದರು.

ರಜೆಯ ದಿನದ ಪರೀಕ್ಷೆಗೆ ಮುಖ ಬೇಕಲ್ಲ? ಮನೆಯಲ್ಲಿದ್ದದ್ದು ಒಂದೇ ಮುಖ. ಎರ್ರಿಸ್ವಾಮಿ ಕುರ್ಚಿಯಲ್ಲಿ ಒರಗಿದ. ಶಶಿರೇಖಾ ದಾರ ಕಚ್ಚಿದಳು. ಮಾತ್ರೆಯಿಂದ ಅವಳ ಬಾಯಿ ಒಲೆಯ ಮೇಲಿನ ಹಂಚಿನಂತೆ ಒಣಗಿತ್ತು. ದಾರ ತುಟಿಗೆ ಅಂಟಿ ಜಾರಲೇ ಒಲ್ಲದು. ಅತ್ತಿತ್ತ ನೋಡಿ ಅದರ ತುದಿಯನ್ನು ಕೊರಳಿಗೆ ಸುತ್ತಿ ಗಂಟು ಹಾಕಿಕೊಂಡಳು. ಕೊರಳು ಹಿಂದೆ ಬಾಗಿದರೆ ದಾರ ಬಿಗಿ, ಮುಂದೆ ಬಾಗಿದರೆ ಸಡಿಲ. ಬಾಯಿ ಬಿಡುವಾಯಿತು.

"ಅಯ್ಯೋ, ಸಾಕು ಬಿಡವಾ! ಹೆಂಗ ತಡಕೊಂತೀರಿ ನೀವು ಹೆಂಗಸ್ರು!"

"ಅಲ್ಲಾಡಬ್ಯಾಡ್ರಿ. ವಾರೆ ಆದ್ರ ನನ್ನ ಬೈಬ್ಯಾಡ್ರಿ ಮತ್ತ."

ಕನ್ನಡಿಯಲ್ಲಿ ನೋಡಿಕೊಂಡಾಗ ಅವಳ ಹಣೆಯ ಮೇಲೆ ಮಂಜಿನಷ್ಟು ತೇವವಿತ್ತು. ಹನಿ ಇರಲಿಲ್ಲ. ಅವಳು ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿ ನೋಡಿದಳು. ಮರುದಿನ ಪ್ಲಾಂಟಿನಲ್ಲಿ ಎರ್ರಿಸ್ವಾಮಿಯನ್ನು ಜೊತೆಗಾರರು "ಏನಪಾ ಹೀರೋ, ಯಾವ ಪಿಚ್ಚರು?" ಎಂದು ಸಂಜೆಯವರೆಗೂ ಕಾಡಿದರಂತೆ. ಅವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ವೈಶಾಖ ಬಂತು. ಮದುವೆಯ ದಿನ ಹುಬ್ಬು ತಿದ್ದಿದರೆ ಚರ್ಮ ಕೆಂಪೇರುತ್ತದೆ, ಆದ್ದರಿಂದ ಹಿಂದಿನ ದಿನವೇ ಶಶಿರೇಖಾ, ವಿಜಯಲಕ್ಷ್ಮಿ ಇಬ್ಬರೂ ಸಿರುಗುಪ್ಪಕ್ಕೆ ಹೋದರು. ಬಿಸಿಲೇರುವ ಮುಂಚೆ ಮನೆಯೊಳಗೆ ಸೇರಿಕೊಂಡ ಮೇಲೆಯೇ ಶಶಿರೇಖಾ ಮಾತ್ರೆ ನುಂಗಿದಳು. ನಡುಮನೆಯ ತುಂಬ ನೆಂಟರು. ಗಡಿಯಾಚೆಯ ಆದೋನಿಯ ಕಡೆಯ ಅತ್ತೆಯರು, ತೆಕ್ಕಲಕೋಟೆಯ ಚಿಕ್ಕಮ್ಮಂದಿರು, ಎಲ್ಲರೂ ಮದುಮಗಳ ಸುತ್ತ ಕೋಟೆ ಕಟ್ಟಿದಂತೆ ಕೂತಿದ್ದರು. ಗಂಗೋತ್ರಿ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ವಿಜಯಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಶಿರೇಖಾಳ ಹಿಂದೆಯೇ ನಿಂತಳು.

ಬಲಹುಬ್ಬು ಮುಗಿಯುವಾಗ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಬಾಗಿಲಿನ ಹತ್ತಿರ ಕೂತಿದ್ದ ಆದೋನಿಯ ಅತ್ತೆ ಕತ್ತು ಚಾಚಿ ನೋಡಿ ದೊಡ್ಡ ದನಿಯಲ್ಲಿ ಕೇಳಿದಳು, "ಅಯ್ಯೋ, ಈಯಮ್ಮಗೇನು ಹಿಂಗ ಚೆಮಟ ಸುರಿತೈತಿ?"

ತೆಲುಗಿನಲ್ಲಿ ಚೆಮಟ ಎಂದರೂ ಬೆವರು ಬೆವರೇ. ಎಲ್ಲರ ಕಣ್ಣೂ ಅವಳ ಹಣೆಯ ಮೇಲೆ. ಮೇಲ್ತುಟಿಯ ಮೇಲೆ ಸಾಸಿವೆಯಷ್ಟು ಹನಿಗಳು ಎದ್ದದ್ದು ಅವಳಿಗೆ ತಿಳಿಯಿತು. ಹಿಂದೆ ವಿಜಯಲಕ್ಷ್ಮಿ ಒಂದು ಹೆಜ್ಜೆ ಮುಂದೆ ಬಂದದ್ದೂ ತಿಳಿಯಿತು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಅವಳು ಕೇಳಿಸಲೇ ಇಲ್ಲವೆಂಬಂತೆ ತಲೆ ತಗ್ಗಿಸಿ ಅವಸರ ಮಾಡುತ್ತಿದ್ದಳು, ಅವಸರಕ್ಕೆ ಬೆವರು ಧಾರೆಯಾಗುತ್ತಿತ್ತು. ಆದರೆ ಈಗ ದಾರ ಬಾಯಲ್ಲಿರಲಿಲ್ಲ, ಕೊರಳಲ್ಲಿತ್ತು. ಅವಳು ಬೆರಳಿನ ದಾರ ಸಡಿಲಿಸಿ ನೆಟ್ಟಗೆ ನಿಂತಳು.

"ನನಗ ಮುಖ ಭಾಳ ಬೆವರತೈತ್ರಿ ಅಮ್ಮಾ. ಔಷಧಿ ತಗಳಾಕತ್ತೀನಿ, ಕಡಿಮಿ ಆಗೈತಿ. ಗಂಗಾ, ಒಂದು ನಿಮಿಷ ತಾಳವಾ."

ಅವಳು ಬಿಳಿ ಬಟ್ಟೆ ತೆಗೆದು, ಯಾವ ಅವಸರವೂ ಇಲ್ಲದೆ, ಹಣೆ, ಮೂಗು, ತುಟಿ ಒತ್ತಿಕೊಂಡಳು. ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಮುಂದಿನ ಹನಿಗಾಗಿ ಒಳಗೊಳಗೇ ಕಾದಳು. ಅದು ಬರಲು ಬಹಳ ಹೊತ್ತು ತೆಗೆದುಕೊಂಡಿತು.

"ನಮ್ಮ ಮರಿದಿಗೂ ಹಂಗ ಐತಿ" ಎಂದಳು ಆದೋನಿಯ ಅತ್ತೆ, ಮೈದುನನ ಮಾತು ತೆಗೆದು. "ಉಣ್ಣಾಕ ಕೂತ್ರ ತಾಟಿನಾಗ ಬೀಳತೈತಿ. ಯಾವ ಡಾಕ್ಟ್ರವಾ? ಬಳ್ಳಾರ್ಯಾಗ ಏನು?"

"ಹೇಳತೀನ್ರಿ, ಈ ಹುಬ್ಬು ಮುಗೀಲಿ." ಶಶಿರೇಖಾ ಮತ್ತೆ ಬಾಗಿದಳು. ಒಂದು ಗೇಣು ಕೆಳಗೆ ಗಂಗೋತ್ರಿಯ ಹಣೆಯ ಗಂಟು ಸಡಿಲವಾಗುತ್ತಿತ್ತು.

ವಿಜಯಲಕ್ಷ್ಮಿ ಹಿಂದಕ್ಕೆ ಸರಿದು, ಸೊಂಟದ ಸೆರಗು ಬಿಚ್ಚಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು. "ಯಾರಾರ ಒಂದು ಕಪ್ಪು ಟೀ ಕೊಡ್ರಿ" ಎಂದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. "ಐಬ್ರೋಗೇನ್ರಿ? ಗುರುವಾರ ಬರ್ರಿ. ಹೌದು, ಶಶಿ ಇರತಾಳ, ಆಕೀನ ಮಾಡತಾಳ."

ಶಶಿರೇಖಾ ತಲೆ ಎತ್ತಲಿಲ್ಲ. ಎಡಹುಬ್ಬಿನ ಕೊನೆಯ ಎಳೆಯನ್ನೂ ಮುಗಿಸಿದಳು.

ಮದುಮಗಳು ಕುರ್ಚಿಯಿಂದ ಏಳುತ್ತಿದ್ದಂತೆ ಅವಳ ಅಜ್ಜಿ ಹೊನ್ನೂರಮ್ಮ ಗೋಡೆ ಹಿಡಿದುಕೊಂಡು ಬಂದು ಅಲ್ಲಿ ಕೂತುಬಿಟ್ಟಳು.

"ನನ್ನ ಮೀಸೀನೂ ತೆಗಿಯವಾ. ನಾಳೆ ಫೋಟೋದಾಗ ನಿಮ್ಮ ತಾತ ಯಾರು, ನಾ ಯಾರು ಗೊತ್ತಾಗದಂಗ ಆಗತೈತಿ."

ನಡುಮನೆ ನಗೆಯಿಂದ ತುಂಬಿಹೋಯಿತು. "ಏ ಅವ್ವಾ, ಈ ವಯಸ್ಸಿನಾಗ!" ಎಂದು ಯಾರೋ ಕೂಗಿದರು. ಅಜ್ಜಿ ಯಾರಿಗೂ ಕಿವಿಗೊಡದೆ ಕಣ್ಣು ಮುಚ್ಚಿ ಮುಖ ಮೇಲೆತ್ತಿದಳು. ಉಳುಮೆ ಮುಗಿದ ಹೊಲದಂಥ ಮುಖ, ಎಷ್ಟೊಂದು ಗೆರೆ. ಶಶಿರೇಖಾ ಹೊಸ ದಾರ ಹರಿದು ಕೊರಳಿಗೆ ಕಟ್ಟಿಕೊಂಡಳು, ಹಣೆಯನ್ನು ಒಮ್ಮೆ ಒತ್ತಿಕೊಂಡಳು.

"ಸ್ವಲ್ಪ ಉರಿತೈತಿ ಅಜ್ಜಿ, ತಡಕೋರಿ."

"ನೀ ಮಾಡವಾ, ಉರಿ ನಾ ನೋಡ್ಕೊಂತೀನಿ" ಎಂದಳು ಹೊನ್ನೂರಮ್ಮ, ಕಣ್ಣು ತೆರೆಯದೆಯೇ.