ಲಾಮ್ ಆಂಟಿ ಗಂಡನನ್ನು ಕರೆದೊಯ್ದದ್ದು

ಹಟಮಾರಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ಡಾಕ್ಟರ್ ಚಕ್ರಪಾಣಿ, ನನ್ನ ಯಜಮಾನರು. ಆದರೆ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲಾಮ್ ಸೌ ಯಿಂಗ್ ಅವರ ಹಟದ ಮುಂದೆ ಇವರದು ಏನೇನೂ ಅಲ್ಲ.

ನಾವು ಮೈಸೂರಿನಿಂದ ಸಿಡ್ನಿಗೆ ಬಂದು ಆ ಸಬರ್ಬಿನಲ್ಲಿ ಮನೆ ಹಿಡಿದದ್ದು ಎಂಬತ್ತೆಂಟರಲ್ಲಿ. ಅಷ್ಟು ಹೊತ್ತಿಗೆ ಲಾಮ್ ಆಂಟಿ ಅಲ್ಲಿ ಹಳಬರು. ವಿಯೆಟ್ನಾಂನಲ್ಲಿ ಹುಟ್ಟಿ ಬೆಳೆದ ಚೀನೀಯರು. ಯುದ್ಧ ಮುಗಿದ ಮೇಲೆ ಗಂಡ ಮತ್ತು ಒಬ್ಬನೇ ಮಗ ಕೀನ್ ಜೊತೆ ದೋಣಿ ಹತ್ತಿದವರು. ಗಂಡ ಮಂಡಿನೋವಿನಲ್ಲೇ ಬೇಕರಿ ಕೆಲಸಕ್ಕೆ ಹೋಗುತ್ತಿದ್ದರು. ಆಂಟಿ ಗ್ಯಾರೇಜಿನಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಯಾವುದೋ ಫ್ಯಾಕ್ಟರಿಗೆ ಶರ್ಟಿನ ಕಾಲರ್ ಹೊಲಿದು ಕೊಡುತ್ತಿದ್ದರು.

ಅವರ ಮನೆಯಲ್ಲಿ ದೇವರನ್ನು ಹುಡುಕಬೇಕಾಗಿರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೆಂಪು ಹಲಗೆ, ಅದು ಆ ಜಾಗವನ್ನು ಕಾಯುವ ಭೂಮಿಯ ದೇವರು. ಒಲೆಯ ಪಕ್ಕ ಅಡುಗೆಮನೆಯ ದೇವರು. ನಡುಮನೆಯ ಗೋಡೆಯ ಮೇಲೆ ಬಿಳಿ ಬಟ್ಟೆಯ ಗ್ವಾನ್‌ಯಿನ್, ಕರುಣೆಯ ತಾಯಿ. ಅವಳ ಕೆಳಗೆ ಮನೆತನದ ಹಿರಿಯರ ಹೆಸರು ಬರೆದ ಹಲಗೆ, ಮುಂದೆ ಬೂದಿ ತುಂಬಿದ ಧೂಪದ ಬಟ್ಟಲು. ಪ್ರತಿ ಪಾಡ್ಯ, ಹುಣ್ಣಿಮೆಗೆ ಆಂಟಿ ಮಾಂಸ ಮುಟ್ಟುತ್ತಿರಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಆಂಟಿ, ನೀವು ಬುದ್ಧಿಸ್ಟಾ, ತಾವೋ ಧರ್ಮದವರಾ? ಒಂದು ಹೇಳಿ" ಎಂದು ಕೇಳಿಯೇಬಿಟ್ಟೆ.

"ಬದುಕಿರೋವಾಗ ಅಪ್ಪ ಅಮ್ಮನ್ನ ಹೇಗೆ ನೋಡ್ಕೋಬೇಕು ಅಂತ ಕನ್‌ಫ್ಯೂಷಿಯಸ್ ಹೇಳಿದ್ದಾರೆ. ಸತ್ತಾಗ ದಾರಿ ತೋರ್ಸೋಕೆ ತಾವೋ ಪೂಜಾರಿ ಬೇಕು. ಆಮೇಲೆ ಒಳ್ಳೆ ಜನ್ಮ ಸಿಗೋಕೆ ಬುದ್ಧ ಬೇಕು. ಯಾವುದನ್ನ ಬಿಡ್ಲಿ, ನೀನೇ ಹೇಳು" ಎಂದರು.

ಅವರ ಹರಕು ಇಂಗ್ಲಿಷನ್ನು ನಾನೇ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

ಮಗ ಕೀನ್ ಎಲ್ಲವನ್ನೂ ಬಿಟ್ಟ. ಯೂನಿವರ್ಸಿಟಿಯಲ್ಲಿದ್ದಾಗ ಚೀನೀಯರದೇ ಒಂದು ಚರ್ಚಿಗೆ ಹೋಗತೊಡಗಿ ಪೀಟರ್ ಆದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆಂಟಿಯೂ ಜಗಳ ತೆಗೆಯಲಿಲ್ಲ. ಕ್ರಿಸ್‌ಮಸ್‌ಗೆ ಅವನ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದರು. ಆದರೆ ತೊಂಬತ್ತೆರಡರಲ್ಲಿ ಅಪ್ಪ ತೀರಿಕೊಂಡಾಗ ಅವನು ಊದುಬತ್ತಿ ಹಿಡಿಯಲಿಲ್ಲ. ಗಂಡುಮಗ ಹಿಡಿಯಬೇಕಾದದ್ದನ್ನು ತಾಯಿಯೇ ಹಿಡಿದರು.

ಎರಡು ವರ್ಷದ ಮೇಲೆ ಪೀಟರ್ ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಮನೆ ಕೊಂಡ. ನೀನೊಬ್ಬಳೇ ಅಲ್ಲಿರುವುದು ಬೇಡ, ಬಾ, ವಿಮಾನದ ಟಿಕೆಟ್ ಬುಕ್ ಮಾಡುತ್ತೇನೆ ಎಂದು ಫೋನ್ ಮಾಡಿದ. ಆದರೆ ಅಪ್ಪನ ಹೆಸರಿನ ಹಲಗೆ, ಧೂಪ ಯಾವುದೂ ನಮ್ಮ ಮನೆಯೊಳಗೆ ಬೇಡ, ದೇವಸ್ಥಾನಕ್ಕೆ ಕೊಟ್ಟು ಬಾ ಎಂದ.

ಫೋನಿಟ್ಟು ಆಂಟಿ ನೆಟ್ಟಗೆ ನಮ್ಮ ಅಡುಗೆಮನೆಗೆ ಬಂದರು. "ಸತ್ತೋರು ಹೊಗೆ ನೋಡ್ಕೊಂಡೇ ಹಿಂದೆ ಬರೋದು, ಕೀನ್ ಅಪ್ಪನೂ ಹಾಗೇ. ವಿಮಾನದಲ್ಲಿ ಧೂಪ ಹಚ್ಚೋಕೆ ಬಿಡಲ್ಲ. ಸೇತುವೆ ಬಂದಾಗೆಲ್ಲ ಹೇಳಬೇಕು. ಹೇಳದಿದ್ರೆ ನೀರಿನ ಆ ಕಡೇನೇ ನಿಂತುಬಿಡ್ತಾರೆ. ನಾನು ಅವರನ್ನ ಬಿಟ್ಟು ಹೋಗಲ್ಲ."

ಮಗನ ಮೇಲೆ ನನಗೆ ಮೈಯೆಲ್ಲ ಉರಿಯಿತು. "ಕಾರಲ್ಲಿ ನಾನು ಕರ್ಕೊಂಡು ಹೋಗ್ತೀನಿ, ಇಬ್ಬರನ್ನೂ" ಎಂದುಬಿಟ್ಟೆ. ಮೆಲ್ಬರ್ನ್‌ನಲ್ಲಿ ನನ್ನ ತಂಗಿ ಜಯಾ ಇದ್ದಳು, ಅದೊಂದು ನೆಪ.

"ಸಿಡ್ನಿಯಿಂದ ಮೆಲ್ಬರ್ನ್‌ವರೆಗೂ ಕಾರೊಳಗೆ ಧೂಪವೇ? ಅಹಲ್ಯಾ, ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ" ಎಂದರು ನಮ್ಮ ಯಜಮಾನರು.

"ನಿಮ್ಮನ್ನೇನು ಕರೀಲಿಲ್ಲವಲ್ಲ" ಎಂದೆ.

ಬೆಳಿಗ್ಗೆ ಬೇಗ ಹೊರಟೆವು. ಆಂಟಿ ಗಂಡನ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ಮುಂದಿನ ಸೀಟಿನಲ್ಲಿ ಕೂತು, ಧೂಪದ ಬಟ್ಟಲಿನ ಬೂದಿ ತುಂಬಿದ ಹಾಲುಪುಡಿ ಡಬ್ಬವನ್ನು ಮೊಣಕಾಲುಗಳ ನಡುವೆ ಭದ್ರವಾಗಿ ಇಟ್ಟುಕೊಂಡರು. ಒಂದು ಊದುಬತ್ತಿ ಕಡ್ಡಿ ಮುಗಿಯುವ ಮೊದಲು ಅದರಿಂದಲೇ ಇನ್ನೊಂದನ್ನು ಹಚ್ಚುವುದು. ಸಣ್ಣ ತೊರೆಯ ಸೇತುವೆ ಬಂದರೂ ಕಿಟಕಿ ಇಳಿಸಿ, "ಕೀನ್ ಅಪ್ಪ, ಸೇತುವೆ ಬಂತು, ಜೊತೆಗೇ ಬನ್ನಿ" ಎಂದು ಅವರ ಭಾಷೆಯಲ್ಲಿ ಕೂಗುವುದು. ನನ್ನಜ್ಜಿಯಂತೆ ಅವರೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೊಗೆಯಿಂದ ನನ್ನ ಕಣ್ಣು ಕಿತ್ತು ಬರುತ್ತಿತ್ತು, ಆದರೂ ಅದು ಕೇಳಿ ನಗು ಬಂತು.

ಮಧ್ಯಾಹ್ನ ಊಟವಾದ ಮೇಲೆ ಆಂಟಿಗೆ ಜೊಂಪು ಹತ್ತಿತು. ಡಬ್ಬ ಬಿಗಿಯಾಗಿ ಹಿಡಿದೇ ನಿದ್ದೆ ಹೋದರು. ಅಷ್ಟರಲ್ಲಿ ಆಲ್ಬರಿ ಊರು ಕಳೆದು ಮರ್ರೆ ನದಿ ಬಂತು, ಎರಡು ರಾಜ್ಯಗಳ ಗಡಿಯ ದೊಡ್ಡ ನದಿ. ಪಾಪ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನೇ ಕಿಟಕಿ ಇಳಿಸಿ, "ಕೀನ್ ಅಪ್ಪಾವರೇ, ಸೇತುವೆ ಬಂತು, ಬನ್ನಿ" ಎಂದು ಕರೆದೆ.

ನದಿ ದಾಟಿ ಸಾಕಷ್ಟು ದೂರ ಹೋದ ಮೇಲೆ ಅವರಿಗೆ ಎಚ್ಚರವಾಯಿತು. "ದೊಡ್ಡ ನದಿ?"

"ದಾಟಿದ್ವಿ ಆಂಟಿ. ನಾನೇ ಕರೆದೆ."

"ಯಾವ ಭಾಷೇಲಿ?"

"ಕನ್ನಡದಲ್ಲಿ."

"ಅವರಿಗೆ ಇಂಗ್ಲಿಷೇ ಬರ್ತಿರಲಿಲ್ಲ. ನಿನ್ನ ಭಾಷೆ ಎಲ್ಲಿಂದ ಬರತ್ತೆ? ಕಾರು ತಿರುಗಿಸು."

ನನಗೆ ರೇಗಿತು. ಬೆಳಗಿನಿಂದ ಡ್ರೈವ್ ಮಾಡಿ ಸೊಂಟ ಬಿದ್ದುಹೋಗಿತ್ತು. ಸತ್ತವರಿಗೆ ಯಾವ ಭಾಷೆಯಾದರೇನು, ಪ್ರೀತಿಯಿಂದ ಕರೆದರೆ ಸಾಲದೇ ಎಂದು ವಾದ ಮಾಡಿದೆ. ಜಪ್ಪಯ್ಯ ಎಂದರೂ ಕೇಳಲಿಲ್ಲ. "ನೀನು ಹೋಗು, ನಾನು ನಡ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ" ಎಂದು ಬೆಲ್ಟ್ ಬಿಚ್ಚಿದರು. ಕಾರು ಬದಿಗೆ ನಿಲ್ಲಿಸಲೇಬೇಕಾಯಿತು.

ಆಗ ಅವರು ಹೇಳಿದರು. ವಿಯೆಟ್ನಾಂ ಬಿಟ್ಟ ದಿನ ಅತ್ತೆ ಮಾವಂದಿರ ಹಲಗೆಯನ್ನು ಗೋಡೆಯ ಮೇಲೇ ಬಿಟ್ಟು ಓಡಿದ್ದರಂತೆ. ಹೇಳಲು ಪುರುಸೊತ್ತಿಲ್ಲ, ಕರೆಯಲು ಧೈರ್ಯವಿಲ್ಲ. "ಇಲ್ಲಿ ಹೊಸ ಹಲಗೆ ಬರೆಸಿದ್ರೂ ಅವರು ಇವತ್ತಿಗೂ ಆ ದಡದಲ್ಲೇ ನಿಂತಿರ್ತಾರೆ, ಅಲ್ಲಿ ಒಂದು ಕಡ್ಡಿ ಹಚ್ಚೋರಿಲ್ಲ. ಇನ್ನೊಬ್ಬರನ್ನ ಹಾಗೆ ಬಿಡಲ್ಲ ನಾನು."

ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ಕಾರು ತಿರುಗಿಸಿದೆ. ಆ ದಡಕ್ಕೆ ಹೋಗಿ, ಹೊಸ ಕಡ್ಡಿ ಹಚ್ಚಿ, ಮತ್ತೆ ಮರ್ರೆ ದಾಟಿದೆವು. ಈ ಸಲ ಆಂಟಿ ಎಷ್ಟು ಗಟ್ಟಿಯಾಗಿ ಕರೆದರೆಂದರೆ ಪಕ್ಕದ ಲಾರಿಯವನು ಹಾರ್ನ್ ಹೊಡೆದ.

ಡ್ಯಾಂಡಿನಾಂಗ್ ಸೇರುವಾಗ ದೀಪ ಹಚ್ಚುವ ಹೊತ್ತು. ಪೀಟರ್ ಓಡಿ ಬಂದು ಅಮ್ಮನ ಬ್ಯಾಗ್ ಎತ್ತಿಕೊಂಡ. ಹೊಗೆಯಾಡುವ ಡಬ್ಬ ಕಂಡು ಕೈ ನಿಂತಿತು. "ಮಾ, ನಾನು ಹೇಳಿದ್ದೆನಲ್ಲ. ನಾನು ಅದಕ್ಕೆ ಕೈ ಮುಗಿಯೋಕಾಗಲ್ಲ" ಎಂದ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ.

"ಮುಗೀಬೇಡ. ನಾನು ಕೇಳಲೂ ಇಲ್ಲ" ಎಂದರು ಆಂಟಿ, ಅವರೂ ಇಂಗ್ಲಿಷಿನಲ್ಲೇ. "ಇದು ನಿನ್ನ ಮನೆ. ನಾನು ಕರೆದ್ರೆ ಅವರು ಇಲ್ಲೀವರೆಗೆ ಬರ್ತಾರೆ. ಒಳಗೆ ಬಾ ಅನ್ನೋದು ನೀನು. ಇಲ್ಲಾಂದ್ರೆ ಇವಳ ಕಾರಲ್ಲಿ ನಾವಿಬ್ಬರೂ ವಾಪಸ್ ಹೋಗ್ತೀವಿ."

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಕಾರಿನ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಹೋಗು ಎಂದರೆ ಹೊರಡಲು ಸಿದ್ಧವಾಗಿಯೇ ಇದ್ದೆ.

ಪೀಟರ್ ಅಮ್ಮನ ಬ್ಯಾಗನ್ನು ಕೆಳಗಿಟ್ಟ. ಕೈ ಮುಗಿಯಲಿಲ್ಲ, ಕಡ್ಡಿ ಮುಟ್ಟಲೂ ಇಲ್ಲ. ಬಾಗಿಲನ್ನು ಪೂರ್ತಿ ತೆರೆದು, ಅಮ್ಮನ ಹಿಂದಿನ ಖಾಲಿ ಜಾಗ ನೋಡಿ ಅವರ ಭಾಷೆಯಲ್ಲಿ ಏನೋ ಹೇಳಿದ. ಆಂಟಿ ನನ್ನ ಕಡೆ ತಿರುಗಿ, "ಅಪ್ಪಾ, ಒಳಗೆ ಬಾ, ಇಲ್ಲಿ ಮೆಟ್ಟಿಲಿದೆ, ಮಂಡಿ ಜೋಪಾನ ಅಂದ" ಎಂದರು.

ಹೇಳಿ, ಡಬ್ಬ ಹಿಡಿದುಕೊಂಡೇ ಬಾಗಿಲಿನ ಪಕ್ಕಕ್ಕೆ ಸರಿದು, ಗಂಡ ಮೊದಲು ಹೋಗಲೆಂದು ದಾರಿ ಬಿಟ್ಟು ನಿಂತರು.