ಸೂರಿನ ಮೇಲೆ ಹೈರಮ್‌ನ ಹಲಗೆ

ಆರ್ಡಿತ್ ತನ್ನ ಟ್ರೈಲರೆಂಬ ಗಾಲಿಮನೆಯ ಸೂರಿಗೆ ಏಣಿ ಹಾಕಿದ್ದೇ ತಡ, ಅಕ್ಕಪಕ್ಕದ ಟ್ರೈಲರುಗಳಿಂದ ಒಬ್ಬೊಬ್ಬರಾಗಿ ಮಡಚುವ ಕುರ್ಚಿ ಹಿಡಿದುಕೊಂಡು ಬಂದರು. ಅರಿಜೋನಾದ ಮರಳುಗಾಡಿನಲ್ಲಿ ಚಳಿಗಾಲ ಕಳೆಯುವ ಮುದುಕ ಮುದುಕಿಯರಿಗೆ ಸಂಜೆಯ ಬೆಂಕಿ ಎಷ್ಟು ಮುಖ್ಯವೋ ಇನ್ನೊಬ್ಬರ ಸೂರಿನ ರಿಪೇರಿಯೂ ಅಷ್ಟೇ ಮುಖ್ಯ. ಕುರ್ಚಿ ಅವರವರದು, ಕಾಫಿ ಅವರವರದು, ಸಲಹೆ ಮಾತ್ರ ಬಿಟ್ಟಿ.

"ಮೊಣಕಾಲು ಜೋಪಾನ ಕಣೇ," ಎಂದ ಕೆಳಗೆ ಕೂತಿದ್ದ ಗಂಡ ಹೈರಮ್.

"ನನ್ನ ಮೊಣಕಾಲು ನಾನು ನೋಡ್ಕೋತೀನಿ. ನೀನು ನಿನ್ನ ಉಸಿರು ನೋಡ್ಕೋ."

ನೆಬ್ರಾಸ್ಕಾದ ಹಿಮದಲ್ಲಿ ಶಾಲೆಯ ಹಳದಿ ಬಸ್ಸು ಓಡಿಸಿ ಅರ್ಧ ಆಯುಸ್ಸು ಕಳೆದವಳು ಆರ್ಡಿತ್. ಬೆನ್ನ ಹಿಂದೆ ಮಕ್ಕಳ ಗಲಾಟೆ ಕೇಳಿ ಕೇಳಿ ಅವಳ ಕಿವಿ ದಣಿದಿತ್ತು. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಹಳೆಯದೊಂದು ಟ್ರೈಲರು ಕೊಂಡು, ಅದನ್ನು ಎಳೆದುಕೊಂಡು ಈ ಬಯಲಿಗೆ ಬಂದರು. ಮೊದಲ ಬೆಳಿಗ್ಗೆಯೇ, ಅಲ್ಲಿನ ಮೌನ ಕೇಳುತ್ತ ಮೆಟ್ಟಿಲ ಮೇಲೆ ಕೂತು ಅವಳು ಅತ್ತುಬಿಟ್ಟಳು. ಸುಖಕ್ಕೆ ಅತ್ತದ್ದು. ಅಂಥ ಜಾಗ ಬಿಟ್ಟು ಹೋಗೆಂದರೆ ಯಾರಿಗೆ ಮನಸ್ಸು ಬಂದೀತು?

ಈಗ ಬಂದಿದ್ದ ತೊಂದರೆಯೇ ಅದು. ಹೈರಮ್‌ನ ಎದೆ ಈ ವರ್ಷ ಕೆಟ್ಟಿತ್ತು, ಮೂಗಿಗೆ ಉಸಿರಿನ ಯಂತ್ರ ಕಟ್ಟಿಕೊಳ್ಳದೆ ಮಲಗುವಂತಿರಲಿಲ್ಲ. ಬಯಲಿನಲ್ಲಿ ಕರೆಂಟಿಲ್ಲ, ಯಂತ್ರ ಓಡಿಸುವ ಟ್ರೈಲರಿನ ಬ್ಯಾಟರಿ ಬೆಳಗಿನ ಜಾವದವರೆಗೂ ಬರುತ್ತಿರಲಿಲ್ಲ. ಕತ್ತಲಾದ ಮೇಲೆ ಜನರೇಟರು ಓಡಿಸಕೂಡದೆಂಬುದು ಬಯಲಿನವರೆಲ್ಲ ಒಪ್ಪಿಕೊಂಡ ಕಟ್ಟಳೆ. ಯಂತ್ರ ನಿಂತೊಡನೆ ಅವನು ಏದುಸಿರು ಬಿಡುತ್ತ ಎದ್ದು ಕೂರುತ್ತಿದ್ದ, ಅವಳು ಅವನ ಬೆನ್ನು ನೀವುತ್ತ ಸೂರ್ಯನಿಗೆ ಕಾಯುತ್ತಿದ್ದಳು. ಸಂತೆಯಲ್ಲಿ ಕೊಂಡು ತಂದ ಈ ಹಳೆಯ ಸೋಲಾರ್ ಪ್ಯಾನೆಲ್ಲುಗಳು ಕೆಲಸ ಮಾಡದಿದ್ದರೆ, ಪಟ್ಟಣದಲ್ಲಿ ಟ್ರೈಲರುಗಳನ್ನು ಬೆಂಕಿಪೊಟ್ಟಣದ ಕಡ್ಡಿಗಳಂತೆ ಜೋಡಿಸಿ ನಿಲ್ಲಿಸುವ ಆ ಕರೆಂಟಿನ ತಾಣಕ್ಕೆ ಶನಿವಾರ ಹೊರಡುವುದೇ ಗತಿ.

ಸೂರಿನ ನಡುವೆ ಕಾರ್ಖಾನೆಯವರೇ ಕೂಡಿಸಿದ ಪುಟ್ಟ ಡಬ್ಬಿಯೊಂದಿತ್ತು, ಅದರಲ್ಲಿ ತಂತಿ ಸಿಕ್ಕಿಸುವ ಎರಡು ಬಾಯಿ. ಬಾಗಿಲ ಪಕ್ಕದಲ್ಲಿ 'ಸೋಲಾರ್‌ಗೆ ಸಿದ್ಧ' ಎಂಬ ಚೀಟಿ ಬೇರೆ. ಆರ್ಡಿತ್ ಪ್ಯಾನೆಲ್ಲುಗಳ ತಂತಿ ತಂದು ಸಿಕ್ಕಿಸಿದಳು. ಬಾಯಿ ಟಕ್ಕೆಂದು ಕಚ್ಚಿಕೊಂಡಿತು.

"ಬಂತಾ?" ಎಂದು ಕೂಗಿದಳು.

ಹೈರಮ್ ಒಳಗೆ ಹೋಗಿ ಬ್ಯಾಟರಿಯ ಮಟ್ಟ ತೋರಿಸುವ ಮುಳ್ಳು ನೋಡಿ ಬಂದ. "ಇಲ್ಲ. ಇದ್ದಲ್ಲೇ ಇದೆ."

"ಸಿದ್ಧ ಅಂತ ಬರೆದಿದೆಯಲ್ಲ, ಅಂದ್ರೆ ಒಳಗೆಲ್ಲಾ ಇದ್ದೇ ಇರುತ್ತೆ," ಎಂದ ಕ್ಲೀಟಸ್. ಒಂದು ಕಾಲಕ್ಕೆ ಟ್ರ್ಯಾಕ್ಟರು ಮಾರುತ್ತಿದ್ದ ನೆರೆಯವನು, ಈಗ ಮಾರಲು ಏನೂ ಇಲ್ಲದೆ ಮಾತಾಡುತ್ತಿದ್ದ. "ನಿನ್ನ ಪ್ಯಾನೆಲ್ಲೇ ಸತ್ತಿರಬೇಕು ತಾಯಿ."

ಎಲ್ಲರೂ ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಂತತಿ ಯಾವ ದೇಶದಲ್ಲೂ ಕಡಿಮೆಯಿಲ್ಲ. ಆರ್ಡಿತ್ ಕೂಡ ಅವರಲ್ಲೊಬ್ಬಳೇ. ಆ ಚೀಟಿ ನಂಬಿ ತಾನೇ ಪ್ಯಾನೆಲ್ಲಿನ ಜೊತೆ ಬಂದಿದ್ದ, ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಹರಿಸುವ ಕಂಟ್ರೋಲರಿನ ಪೆಟ್ಟಿಗೆಯನ್ನು ಬೇಡದ ಸಾಮಾನೆಂದು ಮಂಚದಡಿಗೆ ನೂಕಿದ್ದು!

"ಇರಲಿ ಬಿಡೇ," ಎಂದ ಹೈರಮ್ ಮೆಲ್ಲಗೆ. "ಪಟ್ಟಣದಲ್ಲೂ ಸೂರ್ಯ ಹುಟ್ತಾನೆ."

ಬಸ್ಸಿನ ಹಿಂದಿನ ದೀಪ ಕೆಟ್ಟಾಗ ಅವಳು ದೀಪಕ್ಕೆ ಬೈಯುತ್ತಿರಲಿಲ್ಲ, ತಂತಿಯ ಜಾಡು ಹಿಡಿದು ಹೋಗುತ್ತಿದ್ದಳು. ಇಳಿದು ಒಳಗೆ ಬಂದು, ಆ ಡಬ್ಬಿಯ ನೇರಕ್ಕೆ ಗೋಡೆಯ ಮೇಲೆ ಬೆರಳು ಎಳೆಯುತ್ತ ಬಂದಳು. ಬೆರಳು ಹೋಗಿ ನಿಂತದ್ದು ಹೈರಮ್‌ನ ಹಲಗೆಗಳ ಮುಂದೆ.

ಆ ಹಲಗೆಗಳನ್ನು ಅವನು ಹೋದ ಚಳಿಗಾಲ ಅವಳ ಮಸಾಲೆ ಸೀಸೆಗಳಿಗೆಂದು ಮಾಡಿದ್ದ. ಗೋಡೆಗೆ ಅಂಟುಹಾಕಿ, ಮೊಳೆ ಹೊಡೆದು, ಮೂರು ಸಲ ಉಜ್ಜಿ ಬಣ್ಣ ಬಳಿದಿದ್ದ. ಆಮೇಲೆ ಅವನ ಕೈಗೆ ಸುತ್ತಿಗೆ ಎತ್ತುವ ಕಸುವು ಬಂದಿರಲಿಲ್ಲ. ಅವಳು ಬೆರಳು ಹಿಂದಕ್ಕೆ ಎಳೆದುಕೊಂಡಳು.

"ಇಲ್ಲೇನೂ ಇಲ್ಲ," ಎಂದಳು.

"ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣೇ, ಈ ವಯಸ್ಸಲ್ಲಿ ಕಲಿಯೋಕೂ ಹೋಗ್ಬೇಡ." ಹೈರಮ್ ಒಂದೊಂದಾಗಿ ಸೀಸೆ ತೆಗೆದು ಮಂಚದ ಮೇಲಿಟ್ಟ. ಕಬ್ಬಿಣದ ಸಲಾಕೆಯನ್ನು ಹಲಗೆಯ ಸಂದಿಗೆ ತೂರಿಸಿದ. ಬಲ ಸಾಲಲಿಲ್ಲ. "ಬಾ, ನೀನೂ ಹಿಡಿ," ಎಂದ.

ಇಬ್ಬರೂ ಸೇರಿ ಮೀಟಿದರು. ಹಲಗೆಗಳು ಕಿತ್ತು ಬಂದವು, ಜೊತೆಗೆ ಗೋಡೆಯ ಮುಚ್ಚಳವೂ ಬಂತು. ಒಳಗೆ ಸುರುಳಿ ಸುತ್ತಿದ ತಂತಿಗಳು, ತುದಿಗೆ ಪ್ಲಾಸ್ಟಿಕ್ ಟೋಪಿ, ಯಾವುದಕ್ಕೂ ಜೋಡಿಸಿಲ್ಲ. ಒಂದು ಜೊತೆ ಸೂರಿನಿಂದ ಬಂದದ್ದು, ಇನ್ನೊಂದು ಬ್ಯಾಟರಿಗೆ ಹೋದದ್ದು, ನಡುವೆ ಬರಿ ಗಾಳಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸೂರ್ಯ ಕೊಟ್ಟದ್ದು ಇಲ್ಲಿಯವರೆಗೆ ಬಂದು ನಿಂತುಬಿಟ್ಟಿತ್ತು.

"ಸಿದ್ಧವಂತೆ, ಇವರ ಮುಖಕ್ಕಿಷ್ಟು!" ಎಂದಳು ಆರ್ಡಿತ್.

ಮಂಚದಡಿಯಿಂದ ಕಂಟ್ರೋಲರು ಹೊರಬಂತು. ತಂತಿ ಜೋಡಿಸುವಾಗ ಕರೆಂಟು ಹುಟ್ಟದಿರಲೆಂದು ಕ್ಲೀಟಸ್‌ನನ್ನು ಸೂರಿಗೆ ಹತ್ತಿಸಿ ಪ್ಯಾನೆಲ್ಲುಗಳ ಮೇಲೆ ಕೌದಿ ಹೊದೆಸಿದ್ದಾಯಿತು. ಕಂಟ್ರೋಲರಿಗೆ ಮೊದಲು ಬ್ಯಾಟರಿಯ ತಂತಿ ಜೋಡಿಸಿದಳು, ಆಮೇಲೆ ಸೂರಿನದು. ಕೌದಿ ಸರಿಸಿದೊಡನೆ ಮುಳ್ಳು ಅಲುಗಿತು, ಆದರೆ ಒಂದಿಷ್ಟೇ.

"ಚಳಿಗಾಲದ ಬಿಸಿಲು ಓರೆ," ಎಂದ ಕ್ಲೀಟಸ್ ಮೇಲಿನಿಂದ. "ಇವು ಅಂಗಾತ ಮಲಗಿವೆ. ಎತ್ತಿ ನಿಲ್ಲಿಸೋಕೆ ಏನಾದ್ರೂ ಊರುಗೋಲು ಬೇಕು." ಅವನು ಆ ದಿನ ಆಡಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಹೈರಮ್ ತನ್ನ ಹಲಗೆಗಳನ್ನು ತಿರುಗಿಸಿ ನೋಡಿದ. ಎಲ್ಲಿ ಕೊಯ್ಯಬೇಕೆಂದು ಸೀಸದ ಕಡ್ಡಿಯಿಂದ ಗೆರೆ ಎಳೆದ, ಆರ್ಡಿತ್ ಗರಗಸ ಹಿಡಿದಳು. ಕತ್ತಲಾಗುವ ಮುಂಚೆ ಅವನ ಹಲಗೆಗಳು ಸೂರಿನ ಮೇಲೆ ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ಎತ್ತಿ ಹಿಡಿದು ನಿಂತಿದ್ದವು. ಮಾರನೆಯ ದಿನವಿಡೀ ಬಿಸಿಲು ಕುಡಿದು ಬ್ಯಾಟರಿ ತುಂಬಿತು. ಮಸಾಲೆ ಸೀಸೆಗಳು ಬಚ್ಚಲಿಗೆ ಹೋದವು, ಅದಕ್ಕೆ ಅವಳು ಗೊಣಗಿಕೊಂಡದ್ದೂ ಆಯಿತು.

ಅದರ ಮರುದಿನ ಆರ್ಡಿತ್‌ಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಇಷ್ಟು ಹೊತ್ತು ತಾನು ಮಲಗಿದ್ದು ಹೇಗೆ? ಪಕ್ಕಕ್ಕೆ ಕಿವಿಗೊಟ್ಟಳು. ಯಂತ್ರ ಮೆಲ್ಲಗೆ ಗುಂಯ್‌ಗುಡುತ್ತಿತ್ತು.

ಹೈರಮ್ ಕಣ್ಣು ತೆರೆದು ಮೂಗಿನ ಕೊಳವೆ ಸರಿಸಿದ. "ನಿಲ್ಲಲಿಲ್ವಾ?"

"ಇಲ್ಲ."

"ನನ್ನ ಹಲಗೆ?"

"ನಿಂತಿವೆ. ಮಲಕ್ಕೋ."

ಅವನು ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಮತ್ತೆ ಮಗ್ಗುಲಾದ. ಆರ್ಡಿತ್ ಕಾಫಿ ಹಿಡಿದು ಮೆಟ್ಟಿಲ ಮೇಲೆ ಬಂದು ಕೂತಳು. ಹೊರಗೆ ಏನೂ ಸದ್ದಿರಲಿಲ್ಲ, ಒಳಗಿನ ಆ ಒಂದು ಗುಂಯ್ ಬಿಟ್ಟರೆ. ಅದನ್ನು ಕೇಳುತ್ತ ಅವಳು ಮತ್ತೆ ಅತ್ತಳು.